ಅಂಗಾಲು ದೊಣೆ

ಬೂದಿಗುಂಡಿನಹಟ್ಟಿಯಿಂದ ಬಡಗಲಿಗೆ ಅರ್ಧ ಹರದಾರಿ ನಡೆದರೆ ಬೂದಿಗುಂಡು ಸಿಗುತ್ತದೆ. ಗುಡ್ಡ ಅನ್ನುವುದಕ್ಕಿಂತ ಬಂಡೆಗಳ ರಾಶಿ ಅನ್ನುವುದೇ ಸರಿ. ಒಂದರ ಮೇಲೊಂದು ಕೂತ ಗುಂಡುಗಳು, ಸಂದಿಯಲ್ಲಿ ಕಮರ, ಸೀತಾಫಲ, ಬಂದರೆಯ ಪೊದೆ. ಹತ್ತಲು ಮೆಟ್ಟಿಲಿಲ್ಲ, ಕುರಿ ಕಾಯುವವರು ನಡೆದು ನಡೆದು ಸವೆಸಿದ ಜಾಡು ಹಿಡಿದು ಏರಬೇಕು. ನೆತ್ತಿಗೆ ಸ್ವಲ್ಪ ಕೆಳಗೆ, ಎರಡು ಬಂಡೆಗಳ ನಡುವೆ ಒಂದು ದೊಣೆ ಇದೆ. ದೊಣೆ ಅಂದರೆ ಕಲ್ಲಿನಲ್ಲಿ ತಾನಾಗಿ ಆದ ನೀರಿನ ಗುಂಡಿ, ನಮ್ಮ ಸೀಮೆಯ ಗುಡ್ಡಗಳಲ್ಲೆಲ್ಲ ಇರುವಂಥದ್ದೇ. ಇದೇನು ದೊಡ್ಡದಲ್ಲ, ಎರಡು ಗಾಡಿ ನಿಲ್ಲಿಸುವಷ್ಟು ಅಗಲ. ಆದರೆ ಬಿರುಬೇಸಿಗೆಯಲ್ಲೂ ಅದು ಬತ್ತಿದ್ದನ್ನು ನಾನು ಕಂಡಿಲ್ಲ, ನೀರು ಕೈಯಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ದಡಕ್ಕೆ ತಾಗಿದ ಬಂಡೆಯ ಮೈಯಲ್ಲಿ ಒಂದು ಜೊತೆ ಅಂಗಾಲು ಕೊರೆದಿದ್ದಾರೆ. ಅದರ ಮುಂದೆ ಅರೆದು ಅರೆದು ನುಣುಪಾದ, ಬೊಗಸೆಯಷ್ಟು ಒಂದು ಗುಳಿ. ಹತ್ತು ಹೆಜ್ಜೆ ಆಚೆಗೆ ಒಂದು ಕಲ್ಲುಗುಪ್ಪೆ. ಇಷ್ಟೇ ನೋಡಲು ಇರುವುದು. ಇದನ್ನು ಅಂಗಾಲು ದೊಣೆ ಎನ್ನುತ್ತಾರೆ.

ಈಚೆಗೆ ಯಾರೋ ಪುಣ್ಯಾತ್ಮರು ಜಾಡಿನ ಬುಡದಲ್ಲಿ ಒಂದು ತಗಡಿನ ಬೋರ್ಡು ನೆಟ್ಟು, 'ಶ್ರೀ ಸೀತಾಮಾತೆಯ ಪಾದತೀರ್ಥ' ಎಂದು ಬರೆಸಿದ್ದಾರೆ. ವನವಾಸದ ಕಾಲದಲ್ಲಿ ಸೀತಮ್ಮ ಇಲ್ಲಿ ಕಾಲು ತೊಳೆದುಕೊಂಡಳಂತೆ. ಆ ತಾಯಿಗೆ ನಮ್ಮ ಸೀಮೆಯ ಗುಡ್ಡ ಗುಡ್ಡ ಹತ್ತಿ ಕಾಲು ತೊಳೆಯುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲವೇನೋ. ಬರೆಸಿದವರು ಒಮ್ಮೆಯಾದರೂ ಮೇಲೆ ಬಂದು ಕಣ್ಣುಬಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ನಿಂತವರ ಹೆಜ್ಜೆಯಾದರೆ ನೆಲದ ಮೇಲೆ ಮೂಡಿರಬೇಕು. ಇವು ನೆಲದ ಮೇಲಿಲ್ಲ, ಗೋಡೆಯಂತೆ ನೆಟ್ಟಗೆ ನಿಂತ ಬಂಡೆಯ ಮೇಲಿವೆ, ಮೊಣಕಾಲೆತ್ತರದಲ್ಲಿ, ಹಿಮ್ಮಡಿ ಕೆಳಗೆ, ಬೆರಳು ಮೇಲೆ. ಅಂದರೆ ಇವು ಮಲಗಿದವಳ ಅಂಗಾಲುಗಳು. ಅವಳ ಕಾಲ ಬುಡದಲ್ಲಿ ಕೂತವರಿಗೆ ಹೇಗೆ ಕಾಣುತ್ತಿದ್ದವೋ ಹಾಗೆ ಕೊರೆದಿದ್ದಾರೆ. ಇದನ್ನು ನಾನು ಹಟ್ಟಿಯ ನಾಲ್ಕು ಜನರ ಮುಂದೆ ಹೇಳಿದೆ. ಬೋರ್ಡು ಚೆನ್ನಾಗಿದೆ ಬಿಡಿ ಕಾಂಪೌಂಡರೇ, ಯಾಕೆ ತಂಟೆ ಅಂದರು.

ಹೌದು, ತಾಲ್ಲೂಕು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕಾಂಪೌಂಡರ್ ಆಗಿದ್ದವನು ನಾನು. ಆದ್ದರಿಂದ ಕಥೆಗೆ ಮೊದಲು ಔಷಧದ ಮಾತು ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ದೂರಬೇಡಿ. ಶ್ರಾವಣದಲ್ಲಿ ಆ ಕಲ್ಲುಗುಪ್ಪೆಯ ಮೇಲೆ ಒಂದು ಬಳ್ಳಿ ಹಬ್ಬುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಹೂವಿನ ಎಸಳು ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಮೇಲಕ್ಕೆ ಮಡಚಿಕೊಂಡು ಒಲೆಯ ಉರಿಯಂತೆ ಕಾಣುತ್ತದೆ. ಗೌರಿಹೂವು ಅನ್ನುತ್ತೇವೆ, ಪಂಡಿತರು ಅಗ್ನಿಶಿಖೆ ಅನ್ನುತ್ತಾರೆ. ಬುಡದ ಗೆಡ್ಡೆ ನೇಗಿಲಿನ ಹಾಗೆ ಎರಡು ಕವಲು. ಅದರೊಳಗಿನ ಸಾರಕ್ಕೆ ಕಾಲ್ಚಿಸಿನ್ ಎಂದು ಹೆಸರು. ಕಾಲಿನ ಹೆಬ್ಬೆರಳು ಊದಿಕೊಂಡು, ಹೊದಿಕೆಯ ಅಂಚು ತಾಗಿದರೂ ಪ್ರಾಣ ಹೋಗುವಂಥ ವಾತಕ್ಕೆ ಡಾಕ್ಟರು ಅದರದೇ ಮಾತ್ರೆ ಬರೆಯುತ್ತಾರೆ, ಅರ್ಧ ಮಿಲಿಗ್ರಾಂ, ಸಾಸಿವೆ ಕಾಳಿಗಿಂತ ಎಷ್ಟೋ ಕಡಿಮೆ. ಎಷ್ಟೋ ಜನ ಆ ಮಾತ್ರೆಯಿಂದ ಎದ್ದು ನಡೆದಿದ್ದನ್ನು ನಾನೇ ನೋಡಿದ್ದೇನೆ. ಅದೇ ಗೆಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದ ಒಂದು ಸಂಸಾರವನ್ನೂ ನೋಡಿದ್ದೇನೆ. ಐವರು ಬಂದರು, ಮೂವರು ಮನೆಗೆ ಹೋದರು. ಮದ್ದಿಗೂ ವಿಷಕ್ಕೂ ನಡುವೆ ಇರುವುದು ಅಳತೆಯೊಂದೇ. ಇನ್ನು ಇದನ್ನು ಅರೆದು ಅಂಗಾಲಿಗೆ ಹಚ್ಚಿದರೆ ಸಿಕ್ಕಿಕೊಂಡ ಹೆರಿಗೆ ಆಗುತ್ತದೆಯೇ ಎಂದು ಕೇಳಿದರೆ, ನಮ್ಮ ಡಾಕ್ಟರು ತಲೆಯಾಡಿಸಿ ನಕ್ಕುಬಿಡುತ್ತಿದ್ದರು. ನಾನೂ ಅದಕ್ಕೆ ಜಾಮೀನು ನಿಲ್ಲುವುದಿಲ್ಲ. ಯಾರೂ ಮಾಡಿ ನೋಡಬೇಡಿ. ಹಟ್ಟಿಯ ಹಿರಿಯರು ನಂಬಿದ್ದನ್ನು, ನನ್ನ ಅಜ್ಜಿ ಹೇಳಿದ ಹಾಗೆ ಹೇಳುತ್ತೇನೆ.

ಹಿಂದೆ ಒಮ್ಮೆ, ಗುಂಡಿನ ಬುಡದಲ್ಲಿ ಒಂದು ಮಣ್ಣಿನ ಕೋಟೆ ಇತ್ತು ಎನ್ನುತ್ತಾರೆ. ಗಿರಿಯಪ್ಪ ನಾಯಕನೆಂಬ ಸಣ್ಣ ಪಾಳೆಯಗಾರ ಅಲ್ಲಿದ್ದುಕೊಂಡು ಹದಿನೆಂಟು ಹಳ್ಳಿ ಆಳುತ್ತಿದ್ದ. ವಯಸ್ಸು ಇನ್ನೂ ಚಿಕ್ಕದು. ತಂದೆ ಸತ್ತಮೇಲೆ ಕೋಟೆಯಲ್ಲಿ ಮಾತು ನಡೆಯುತ್ತಿದ್ದದ್ದು ತಾಯಿ ಹೊನ್ನಾಜಮ್ಮನದು. ನಾಯಕರ ಮನೆಯ ಗೃಹಿಣಿಯನ್ನು ನಾಗತಿ ಎಂದು ಕರೆಯುವುದು ವಾಡಿಕೆ. ಇವಳನ್ನು ಹಿರಿಯ ನಾಗತಿ ಎನ್ನುತ್ತಿದ್ದರು. ಅವಳು ಕೆಟ್ಟವಳಾಗಿರಲಿಲ್ಲ, ಈ ಮಾತನ್ನು ನನ್ನ ಅಜ್ಜಿ ಪ್ರತಿ ಸಲವೂ ಹೇಳಿಯೇ ಮುಂದಕ್ಕೆ ಹೋಗುತ್ತಿದ್ದಳು. ಹೊನ್ನಾಜಮ್ಮನ ಒಡಹುಟ್ಟಿದ ತಂಗಿ ಹಸಿಬಾಣಂತಿಯಾಗಿದ್ದಾಗ ತಣ್ಣೀರಲ್ಲಿ ಕಾಲಿಟ್ಟು, ಸನ್ನಿ ಹಿಡಿದು, ಹಲ್ಲು ಕಚ್ಚಿಕೊಂಡು ಇವಳ ತೊಡೆಯ ಮೇಲೆಯೇ ಸತ್ತಿದ್ದಳು. ಅಂದಿನಿಂದ ಕೋಟೆಯಲ್ಲಿ ಯಾರೇ ಹೆರಲಿ, ದಾಸಿಯ ಮಗಳೇ ಆಗಲಿ, ನಾಗತಿ ತಾನೇ ಬಂದು ಬಾಣಂತಿಯ ಕಾಲಿಗೆ ಕಂಬಳಿ ಸುತ್ತಿ ಹೋಗುತ್ತಿದ್ದಳು. ಹೆತ್ತವಳ ಅಂಗಾಲು ತಣ್ಣಗಾಗಬಾರದು, ಇದೊಂದು ಮಾತಿನಲ್ಲಿ ಅವಳನ್ನು ಅಲ್ಲಾಡಿಸುವವರಿರಲಿಲ್ಲ.

ಕೋಟೆಯ ಹೊರಗೆ ಕೆಳಗಿನ ಹಟ್ಟಿಯಲ್ಲಿ ಜುಂಜಕ್ಕ ಎಂಬ ಸೂಲಗಿತ್ತಿ ಇದ್ದಳು. ಗಂಡ ಸತ್ತವಳು, ಬೊಮ್ಮಿ ಎಂಬ ಒಬ್ಬಳೇ ಮಗಳು. ಹದಿನೆಂಟು ಹಳ್ಳಿಯಲ್ಲಿ ಬೇನೆ ಸಿಕ್ಕಿಕೊಂಡರೆ ಜನ ಓಡಿ ಬರುತ್ತಿದ್ದದ್ದು ಇವಳ ಬಾಗಿಲಿಗೆ. ಸಲೀಸಾದ ಹೆರಿಗೆಗೆ ಅವಳು ಮದ್ದು ಮುಟ್ಟುತ್ತಿರಲಿಲ್ಲ. ಎರಡು ಹಗಲು ಕಳೆದರೂ ಕೂಸು ಕದಲದಿದ್ದರೆ ಮಾತ್ರ ಗೌರಿಹೂವಿನ ಗೆಡ್ಡೆ ತೆಗೆದು, ಮಜ್ಜಿಗೆಯಲ್ಲಿ ನೆನೆಸಿಟ್ಟಿದ್ದನ್ನು ಕಲ್ಲಿಗೆ ಅರೆದು ಬಸುರಿಯ ಎರಡೂ ಅಂಗಾಲಿಗೆ ಹಚ್ಚುತ್ತಿದ್ದಳು. ಎಷ್ಟು ಎಂಬುದು ಅವಳ ಬೆರಳಿಗೆ ಮಾತ್ರ ಗೊತ್ತಿತ್ತು. ಹಚ್ಚುವುದು ದೊಡ್ಡ ವಿದ್ಯೆಯಲ್ಲ, ತೊಳೆಯುವುದೇ ವಿದ್ಯೆ ಎಂದು ಅವಳು ಹೇಳುತ್ತಿದ್ದಳಂತೆ. ಕೂಸು ನೆಲ ಕಂಡ ಗಳಿಗೆಯಲ್ಲೇ, ಹೊಕ್ಕುಳ ಬಳ್ಳಿ ಕೊಯ್ಯುವುದಕ್ಕೂ ಮೊದಲು, ತಣ್ಣೀರಿನಿಂದ ಅಂಗಾಲು ತೊಳೆದುಬಿಡಬೇಕು. ಬಿಸಿನೀರು ಕೂಡದು, ಮದ್ದು ಇನ್ನೂ ಒಳಗಿಳಿಯುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಲದು. "ಕೂಸು ಬಂತು ಅಂತ ಮದ್ದಿಗೇನು ಗೊತ್ತಾಗ್ತದೆ? ತೊಳೆಯೋ ತನಕ ಎಳೀತಾನೇ ಇರ್ತದೆ. ಎಳಿಯೋಕೆ ಕೂಸಿಲ್ಲ ಅಂದ್ರೆ ಜೀವಾನೇ ಎಳಿತದೆ" ಅನ್ನುತ್ತಿದ್ದಳು. ಅದಕ್ಕೇ ಅವಳು ಒಬ್ಬಳೇ ಹೋದದ್ದಿಲ್ಲ. ದೊಣೆಯ ನೀರಿನ ಗಡಿಗೆ ಹೊತ್ತು ಬೊಮ್ಮಿ ಜೊತೆಗಿರುತ್ತಿದ್ದಳು. ಬಸುರಿಯ ಕಾಲ ಬುಡದಲ್ಲಿ ಕೂತು, ಯಾರು ಕೂಗಲಿ, ಯಾರು ಅಳಲಿ, ಅಂಗಾಲಿನಿಂದ ಕಣ್ಣು ಕೀಳದೆ ಇರುವುದೇ ಬೊಮ್ಮಿಯ ಕೆಲಸ.

ಗಿರಿಯಪ್ಪ ನಾಯಕನ ಹೆಂಡತಿ ಸಿರಿಯಮ್ಮ ಚೊಚ್ಚಲ ಬಸುರಿ. ಬೇನೆ ಶುರುವಾಗಿ ಮೂರನೆಯ ಹಗಲು ಮಧ್ಯಾಹ್ನವಾದರೂ ಕೂಸು ಅಲ್ಲೇ ನಿಂತಿತು. ಜುಂಜಕ್ಕನಿಗೆ ಹೇಳಿಕಳಿಸಿದರು. ಅವಳು ಬಂದಳು, ಹಿಂದೆ ಗಡಿಗೆ ಹೊತ್ತು ಬೊಮ್ಮಿಯೂ ಬಂದಳು. ಆದರೆ ಬೊಮ್ಮಿಗೆ ಆಗ ಆರು ತಿಂಗಳು ತುಂಬಿತ್ತು. ಬಸುರಿಯ ಕಣ್ಣು ಹೆರುವವಳ ಮೇಲೆ ಬೀಳಕೂಡದು ಎಂಬುದು ಕೋಟೆಯ ಕಟ್ಟಳೆ. ಬಾಗಿಲಲ್ಲೇ ಅವಳನ್ನು ತಡೆದರು. "ಹಟ್ಟಿಯಲ್ಲಿ ಇದೆಲ್ಲ ನಡೀತದೆ, ಇಲ್ಲಿ ನಡೆಯಲ್ಲ. ಗಡಿಗೆ ಒಳಗೆ ಬರಲಿ, ಹುಡುಗಿ ಹೊರಗಿರಲಿ" ಎಂದಳು ಹೊನ್ನಾಜಮ್ಮ. ಕಾಲ ಬುಡದಲ್ಲಿ ಕೂರುವವರು ಯಾರು ಎಂದು ಜುಂಜಕ್ಕ ಕೇಳಿದಳು. ಬೇರೆ ಹೆಂಗಸರನ್ನು ನಾಗತಿ ನಂಬುತ್ತಿರಲಿಲ್ಲ, ತಾನೇ ಕೂರುತ್ತೇನೆ ಎಂದಳು. ಜುಂಜಕ್ಕ ಮೂರು ಸಲ ಹೇಳಿ, ಮೂರು ಸಲ ಅವಳ ಬಾಯಲ್ಲೇ ಹೇಳಿಸಿಕೊಂಡಳು: ಕೂಸು ಬಿದ್ದ ಕೂಡಲೇ ತೊಳೆಯುವುದು, ಈ ನೀರಿನಲ್ಲೇ ತೊಳೆಯುವುದು. ಆಮೇಲೆ ಮದ್ದು ಹಚ್ಚಿದಳು.

ಹೊತ್ತು ಇಳಿಯುವ ಮೊದಲೇ ಕೂಸು ಬಂತು, ಗಂಡು. ಆದರೆ ಕೊರಳಿಗೆ ಬಳ್ಳಿ ಸುತ್ತಿಕೊಂಡು ಮೈಯೆಲ್ಲ ನೀಲಿಯಾಗಿತ್ತು, ಉಸಿರಿಲ್ಲ. ಜುಂಜಕ್ಕ ಅದರ ಮೇಲೆ ಬಿದ್ದಳು. ಬಳ್ಳಿ ಬಿಡಿಸಿ, ಬಾಯೊಳಗೆ ಬೆರಳು ಹಾಕಿ ಲೋಳೆ ತೆಗೆದು, ತನ್ನ ಉಸಿರನ್ನೇ ಅದಕ್ಕೆ ಊದುತ್ತ, ತಲೆ ಎತ್ತದೆ "ಅಮ್ಮಾರೇ, ಅಂಗಾಲು" ಎಂದಳು. ಹೊನ್ನಾಜಮ್ಮ ಗಡಿಗೆಯಲ್ಲಿ ಕೈಯಿಟ್ಟಳು. ನೀರು ಕೊರೆಯುತ್ತಿತ್ತು. ಸಿರಿಯಮ್ಮನ ಕಾಲುಗಳು ಆಗಲೇ ನಡುಗುತ್ತಿದ್ದವು. ತೊಡೆಯ ಮೇಲೆ ಹಲ್ಲು ಕಚ್ಚಿ ಸತ್ತ ತಂಗಿ ಅವಳ ಕಣ್ಣಮುಂದೆ ಬಂದಿರಬೇಕು. ಅವಳು ಕೈ ಹಿಂದಕ್ಕೆ ತೆಗೆದಳು. ಸೆರಗಿನಲ್ಲಿ ಎರಡೂ ಅಂಗಾಲು ಒರೆಸಿ, ಬೆಚ್ಚಗಿನ ಕಂಬಳಿ ಬಿಗಿಯಾಗಿ ಸುತ್ತಿದಳು. ಸೊಸೆಯನ್ನು ಉಳಿಸುತ್ತಿದ್ದೇನೆ ಎಂದೇ ಅವಳ ಎಣಿಕೆ. ಅಷ್ಟರಲ್ಲಿ ಕೂಸು ಕೆಮ್ಮಿ ಅತ್ತಿತು. ಜುಂಜಕ್ಕ ಉಸಿರು ಬಿಟ್ಟು ಕೇಳಿದಳು:

"ತೊಳೆದ್ರಾ?"

"ತೊಳೆದೆ" ಎಂದಳು ಹೊನ್ನಾಜಮ್ಮ.

ನಾಗತಿಯ ಮಾತನ್ನು ಮೇಲೊಮ್ಮೆ ನೋಡಿ ಖಾತ್ರಿಮಾಡಿಕೊಳ್ಳುವುದುಂಟೇ? ಜುಂಜಕ್ಕ ಬಳ್ಳಿ ಕೊಯ್ದು, ಮಾಸು ಬಿದ್ದಮೇಲೆ ಅದನ್ನು ಮೊರದಲ್ಲಿಟ್ಟುಕೊಂಡು ಹೊರಟಳು. ಕೋಟೆಯ ಮಾಸನ್ನು ಸೂಲಗಿತ್ತಿಯೇ ಹೊತ್ತು, ಕೋಟೆಯ ಆಚೆ ಹೂತು ಬರಬೇಕು, ಬೇರೆಯವರು ಮುಟ್ಟುವಂತಿಲ್ಲ. ಹೂತು ತಿರುಗಿ ಬರುವ ಹೊತ್ತಿಗೆ ಒಳಗೆ ಹಾಸಿದ ಕಂಬಳಿ ತೊಯ್ದು ಹೋಗಿತ್ತು. ಸಿರಿಯಮ್ಮನ ಮೈಯಿಂದ ರಕ್ತ ನಿಲ್ಲುತ್ತಿರಲಿಲ್ಲ. ಜುಂಜಕ್ಕ ಓಡಿಹೋಗಿ ಕಾಲಿನ ಕಂಬಳಿ ಕಿತ್ತೆಸೆದಳು. ಒರೆಸಿದ್ದರಿಂದ ಅರ್ಧ ಹೋಗಿ, ಬೆರಳ ಸಂದಿಯಲ್ಲೂ ಹಿಮ್ಮಡಿಯ ಬಿರುಕಿನಲ್ಲೂ ಮದ್ದು ಒಣಗಿ ಹತ್ತಿಕೊಂಡಿತ್ತು. ಇಡೀ ಗಡಿಗೆ ಸುರಿದು ತೊಳೆದಳು. ದೀಪ ಹಚ್ಚುವ ಹೊತ್ತಿಗೆ ಸಿರಿಯಮ್ಮ ಹೋಗಿಬಿಟ್ಟಳು. ಹದಿನೇಳು ವರ್ಷದ ಹುಡುಗಿ, ಮಗನ ಮುಖ ಸರಿಯಾಗಿ ನೋಡಿರಲಿಲ್ಲ ಎನ್ನುತ್ತಾರೆ.

ಮರುದಿನ ಅಂಗಳದಲ್ಲಿ ವಿಚಾರಣೆ ಆಯಿತು. ನಾಗತಿ ಅಂಗಾಲು ತೊಳೆಯಲಿಲ್ಲ, ಒರೆಸಿ ಮುಚ್ಚಿದಳು ಎಂದಳು ಜುಂಜಕ್ಕ. ನಾಯಕ ತಾಯಿಯ ಮುಖ ನೋಡಿದ. ಆ ಒಂದು ಗಳಿಗೆ ಹೊನ್ನಾಜಮ್ಮನ ಕೈಯಲ್ಲಿತ್ತು. ಇಲ್ಲ ಎಂದಿದ್ದರೆ ಏನಾಗುತ್ತಿತ್ತು? ಮಗ ಬಯ್ಯುತ್ತಿದ್ದ, ಅಳುತ್ತಿದ್ದ, ನಾಲ್ಕು ದಿನ ಮಾತು ಬಿಡುತ್ತಿದ್ದ. ಆದರೆ ಸೊಸೆಯನ್ನು ಕೊಂದವಳು ಎಂಬ ಹೆಸರನ್ನು ಹೊರಲು ಅವಳಿಗೆ ಧೈರ್ಯ ಬರಲಿಲ್ಲ. "ತೊಳೆದೆ" ಎಂದಳು, ಎರಡನೆಯ ಸಲ. ನೋಡೋಣವೆಂದರೆ ಸಾಕ್ಷಿಯೂ ಉಳಿದಿರಲಿಲ್ಲ. ಹೆಣಕ್ಕೆ ನೀರು ಹಾಕುವಾಗ ಆ ಕಾಲುಗಳನ್ನು ಎಲ್ಲರೂ ಸೇರಿ ಚೆನ್ನಾಗಿ ತೊಳೆದಿದ್ದರು. ಕೂಸಿಗೆ ಉಸಿರು ಕೊಟ್ಟವಳೆಂದು ನಾಯಕ ಜುಂಜಕ್ಕನ ತಲೆ ಉಳಿಸಿದ. ಆದರೆ ಅವಳು ಹಟ್ಟಿಯೊಳಗೆ ಕಾಲಿಡಕೂಡದು, ಯಾರೂ ಅವಳನ್ನು ಹೆರಿಗೆಗೆ ಕರೆಯಕೂಡದು, ಗುಂಡಿನ ಮೇಲಿನ ಗೌರಿಹೂವಿನ ಬಳ್ಳಿಯನ್ನೆಲ್ಲ ಬುಡಸಮೇತ ಅಗೆದು ಸುಡತಕ್ಕದ್ದು ಎಂದು ಅಪ್ಪಣೆಯಾಯಿತು. ಇಪ್ಪತ್ತು ಆಳು ಗುದ್ದಲಿ ಹಿಡಿದು ಹೋದರು. ಸುಟ್ಟ ಬೂದಿ ಗುಂಡಿನ ತುಂಬ ಹಾರಿತು. ಬೂದಿಗುಂಡು ಎಂಬ ಹೆಸರು ಬಂದದ್ದೇ ಆಗ ಎಂದು ಕೆಲವರು ಹೇಳುವುದುಂಟು, ನನಗೆ ಅದು ಗೊತ್ತಿಲ್ಲ.

ತಾಯಿ ಮಗಳು ದೊಣೆಯ ಪಕ್ಕದ ಕಲ್ಲುಗವಿಯಲ್ಲಿ ಇರತೊಡಗಿದರು. ಬೊಮ್ಮಿಯ ಗಂಡ ಹೆದರಿಕೊಂಡು ತನ್ನ ಊರಿಗೆ ಹೋದವನು ತಿರುಗಿ ಬರಲಿಲ್ಲ, ಅವನ ವಿಷಯ ಇಷ್ಟು ಸಾಕು. ಮೂರು ತಿಂಗಳಿಗೆ ಬೊಮ್ಮಿಗೆ ಬೇನೆ ಬಂತು. ವಿಧಿ ಎಂಥ ಹಾಳು ಹಟ ಹಿಡಿದಿತ್ತೋ, ಅವಳ ಕೂಸೂ ಅಡ್ಡವಾಗಿ ಸಿಕ್ಕಿಕೊಂಡಿತು. ಹದಿನೆಂಟು ಹಳ್ಳಿಯ ಹೆಣ್ಣುಮಕ್ಕಳನ್ನು ಹೆರಿಸಿದ ಕೈ ಅಂದು ಬರಿಗೈ. ಜುಂಜಕ್ಕ ಸುಟ್ಟ ಗುಂಡಿಗಳನ್ನೆಲ್ಲ ಕೆದಕಿ ಬಂದಳು. ಕಿರುಬೆರಳಿನಷ್ಟು ಗೆಡ್ಡೆಯೂ ಸಿಗಲಿಲ್ಲ. ಸುದ್ದಿ ಕೆಳಗೆ ಹೋಗಿತ್ತು. ಬೊಮ್ಮಿಯ ಕೂಗು ಕೋಟೆಯ ಅಂಗಳಕ್ಕೂ ಕೇಳುತ್ತಿತ್ತು, ಹೊನ್ನಾಜಮ್ಮ ಕೂಸನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು ಎನ್ನುತ್ತಾರೆ. ನಾಲ್ಕನೆಯ ದಿನ ಕೂಗು ನಿಂತಿತು. ಜುಂಜಕ್ಕ ಒಬ್ಬಳೇ ಮಣ್ಣು ತೋಡಿ, ಮಗಳನ್ನೂ ಮಗಳ ಹೊಟ್ಟೆಯಲ್ಲಿದ್ದುದನ್ನೂ ಒಟ್ಟಿಗೆ ಹೂತು, ನಾಯಿನರಿ ಮುಟ್ಟದಂತೆ ಮೇಲೆ ಕಲ್ಲು ಒಟ್ಟಿದಳು.

ಮೂರು ವರ್ಷ ಹೀಗೇ ಕಳೆಯಿತು. ಮಳೆ ಬಿದ್ದಾಗೆಲ್ಲ ನೆಲದಾಳದಲ್ಲಿ ಉಳಿದ ಚೂರುಪಾರು ಗೆಡ್ಡೆ ಚಿಗುರುತ್ತಿತ್ತು, ನಾಯಕನ ಆಳುಗಳು ಬಂದು ಅಗೆದು ಸುಡುತ್ತಿದ್ದರು. ಆ ಮೂರು ವರ್ಷದಲ್ಲಿ ಹದಿನೆಂಟು ಹಳ್ಳಿಯಲ್ಲಿ ಬೇನೆ ಸಿಕ್ಕಿಕೊಂಡು ಆರು ಜನ ಹೆಂಗಸರು ಸತ್ತರು. ಒಬ್ಬೊಬ್ಬಳು ಸತ್ತಾಗಲೂ ಗಂಡಸರು ಗುಂಡಿನ ಕಡೆ ನೋಡಿ ಸುಮ್ಮನಾಗುತ್ತಿದ್ದರು. ನಾಲ್ಕನೆಯ ಮಳೆಗಾಲಕ್ಕೆ ಹೊನ್ನಾಜಮ್ಮನ ಮಗಳು ಮಲ್ಲಾಜಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬೇನೆ ಹಿಡಿದು ಎರಡು ಹಗಲು ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಅವಳ ತುಟಿ ಒಣಗಿ, ಅವ್ವಾ ಎನ್ನುವುದಕ್ಕೂ ಆಗದಾಯಿತು. ಆಗ ಹಿರಿಯ ನಾಗತಿ ಯಾರನ್ನೂ ಕೇಳದೆ ಎದ್ದು, ಮಗಳನ್ನು ಕಂಬಳಿಯ ಡೋಲಿಯಲ್ಲಿ ಮಲಗಿಸಿ ಹೊರಿಸಿಕೊಂಡು ಗುಂಡು ಹತ್ತಿದಳು. ನಾಯಕನೂ ಹಿಂದೆ ಬಂದ. ತಾನು ಹಾಕಿದ ಅಪ್ಪಣೆಯನ್ನು ತಾನೇ ತುಳಿದುಕೊಂಡು ಬಂದ ಎಂದು ನನ್ನ ಅಜ್ಜಿ ಈ ಜಾಗದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದಳು.

ಜುಂಜಕ್ಕ ಗವಿಯ ಬಾಯಲ್ಲಿ ಕೂತಿದ್ದಳು. ಮೂರೇ ವರ್ಷಕ್ಕೆ ತಲೆ ಹಣ್ಣಾಗಿತ್ತು. ಡೋಲಿ ನೋಡಿದಳು, ಏಳಲಿಲ್ಲ. ಹಿಂದೆ ಜುಂಜಿ ಎಂದು ಕರೆಯುತ್ತಿದ್ದ ಹೊನ್ನಾಜಮ್ಮ ಅಂದು "ಅಕ್ಕಾ, ನನ್ನ ಮಗಳು" ಎಂದಳು.

"ನಂಗೂ ಒಬ್ಳು ಇದ್ಲು" ಎಂದಳು ಜುಂಜಕ್ಕ. ಆಮೇಲೆ ಕೇಳಿದಳು: "ಆವತ್ತು ತೊಳೆದ್ರಾ?"

ಡೋಲಿ ಹೊತ್ತ ನಾಲ್ವರಿದ್ದರು, ದಾಸಿಯರಿದ್ದರು, ಮಗನಿದ್ದ. ಹೊನ್ನಾಜಮ್ಮ ಯಾರ ಮುಖವನ್ನೂ ನೋಡಲಿಲ್ಲ. "ಇಲ್ಲ" ಎಂದಳು. ಒರೆಸಿ ಮುಚ್ಚಿದೆ, ತಣ್ಣೀರಿಗೆ ಹೆದರಿದೆ, ಆಮೇಲೆ ನಿನ್ನ ಮಾತಿಗೆ ಹೆದರಿದೆ, ಆಮೇಲೆ ಮಗನಿಗೆ ಹೆದರಿದೆ ಎಂದಳು. ಬೊಮ್ಮಿ ಕೂಗಿದ್ದೂ ಕೇಳಿಸಿತ್ತು ಎಂದಳು.

ಜುಂಜಕ್ಕ ಎದ್ದಳು. ಗುಂಡಿನ ತುಂಬ ಅಗೆದು ಸುಟ್ಟರೂ ಒಂದು ಕಡೆ ಆಳುಗಳ ಗುದ್ದಲಿ ಬಿದ್ದಿರಲಿಲ್ಲ, ಗೋರಿಯನ್ನು ಅಗೆಯಲು ಅವರಿಗೆ ಕೈ ಬಂದಿರಲಿಲ್ಲ. ಬೊಮ್ಮಿಯ ಕಲ್ಲುಗುಪ್ಪೆಯ ಸಂದಿಯಿಂದ ಒಂದೇ ಒಂದು ಬಳ್ಳಿ ಎದ್ದು ಹೂ ಬಿಟ್ಟಿತ್ತು. ಜುಂಜಕ್ಕ ಅದನ್ನು ತೋರಿಸಿ "ನೀವೇ ಅಗೀರಿ" ಎಂದಳು. ಹೊನ್ನಾಜಮ್ಮ ಮೊಣಕಾಲೂರಿ ಕಲ್ಲು ಎತ್ತಿಟ್ಟಳು. ಗುದ್ದಲಿ ಕೊಡಲು ಬಂದವನನ್ನು ಜುಂಜಕ್ಕ ತಡೆದಳು, "ಕೈಯಿಂದ. ಕೆಳಗೆ ನನ್ನ ಕೂಸು ಮಲಗೈತೆ." ನಾಗತಿ ಉಗುರಿನಿಂದ ಮಣ್ಣು ಕೆದಕಿದಳು. ಗೆಡ್ಡೆ ಒಂದು ಮೊಳ ಆಳದಲ್ಲಿ ಸಿಕ್ಕಿತು. ಅದಕ್ಕಿಂತ ಕೆಳಗೆ ಹೋಗದಂತೆ ಜುಂಜಕ್ಕ ಪಕ್ಕದಲ್ಲೇ ನಿಂತು ನೋಡಿಕೊಂಡಳು. ಒಂದು ಕವಲು ಮುರಿದುಕೊಂಡು ಇನ್ನೊಂದನ್ನು ತಿರುಗಿ ಮಣ್ಣಿಗೇ ಸೇರಿಸಿದಳು.

ಮಜ್ಜಿಗೆಯಲ್ಲಿ ನೆನೆಸುವಷ್ಟು ವೇಳೆಯಿರಲಿಲ್ಲ. ಹಸಿಗೆಡ್ಡೆಯ ವಿಷ ಹೆಚ್ಚು, ತೊಳೆಯುವುದು ಒಂದು ಉಸಿರು ತಡವಾದರೂ ಕೈಮೀರುತ್ತದೆ ಎಂದಳು ಜುಂಜಕ್ಕ. ದೊಣೆಯ ದಡದಲ್ಲೇ ಮಲ್ಲಾಜಮ್ಮನನ್ನು ಮಲಗಿಸಿ, ಅಲ್ಲಿಯ ಕಲ್ಲಿಗೇ ಮದ್ದು ಅರೆದು ಹಚ್ಚಿದಳು. ಕಾಲ ಬುಡದಲ್ಲಿ ಹೊನ್ನಾಜಮ್ಮ ಕೂತಳು, ಬಲಗೈ ದೊಣೆಯ ನೀರಿನಲ್ಲಿ. ಬೆಳಗಿನ ಬಿಸಿಲು ನೆತ್ತಿಗೆ ಬರುವವರೆಗೆ ಅವಳು ಆ ಕೈ ತೆಗೆಯಲಿಲ್ಲ, ಅಂಗಾಲಿನಿಂದ ಕಣ್ಣು ತೆಗೆಯಲಿಲ್ಲ. ಕೂಸು ಹುಟ್ಟಿತು, ಹೊಟ್ಟೆಯಲ್ಲೇ ಜೀವ ಹೋಗಿತ್ತು. ಹೆಣ್ಣು. ದಾಸಿಯರು ಗೊಳೋ ಎಂದರು. ಹೊನ್ನಾಜಮ್ಮ ಆ ಕಡೆ ತಿರುಗಲಿಲ್ಲ. ಬೊಗಸೆ ಬೊಗಸೆ ನೀರೆತ್ತಿ ಮಗಳ ಅಂಗಾಲು ತೊಳೆದಳು, ಬೆರಳ ಸಂದಿ ತೊಳೆದಳು, ಹಿಮ್ಮಡಿಯ ಬಿರುಕಿಗೆ ಬೆರಳಿಟ್ಟು ತೊಳೆದಳು.

"ತೊಳೆದ್ರಾ?" ಎಂದಳು ಜುಂಜಕ್ಕ.

"ತೊಳೆದೆ."

ಜುಂಜಕ್ಕ ಸತ್ತ ಕೂಸನ್ನು ಪಕ್ಕದಲ್ಲೇ ಕೂತಿದ್ದ ದಾಸಿಯ ಕೈಗೆ ಕೊಟ್ಟು, ಬಗ್ಗಿ, ಎರಡೂ ಅಂಗಾಲನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಹೊಕ್ಕುಳ ಬಳ್ಳಿ ಕೊಯ್ದಳು. ಮಲ್ಲಾಜಮ್ಮ ಉಳಿದಳು.

ಅಂದು ಡೋಲಿ ಕೆಳಗಿಳಿಯಿತು, ನಾಗತಿ ಇಳಿಯಲಿಲ್ಲ. ಮಗ ಕರೆದ, ಹೋಗಲಿಲ್ಲ. ಅವನು ಅಪ್ಪಣೆ ಹಿಂದಕ್ಕೆ ತೆಗೆದುಕೊಂಡು ಜುಂಜಕ್ಕನನ್ನು ಹಟ್ಟಿಗೆ ಕರೆದ, ಅವಳೂ ಹೋಗಲಿಲ್ಲ. ಬೇನೆ ಸಿಕ್ಕಿಕೊಂಡವರನ್ನು ಜನ ಗುಂಡಿನ ಮೇಲಕ್ಕೇ ಹೊತ್ತು ತರತೊಡಗಿದರು. ಒಬ್ಬಳು ಹಚ್ಚುವವಳು, ಒಬ್ಬಳು ತೊಳೆಯುವವಳು. ಹನ್ನೊಂದು ವರ್ಷ ಹೀಗೆ ಇಬ್ಬರೂ ಆ ದೊಣೆಯ ಬಳಿ ಬಾಳಿದರು. ಹೊನ್ನಾಜಮ್ಮನ ಬಲಗೈ ತಣ್ಣೀರಿನಲ್ಲಿ ಇಟ್ಟೂ ಇಟ್ಟೂ ಕೊನೆಗೆ ಮಡಚಲು ಬರುತ್ತಿರಲಿಲ್ಲವಂತೆ. ಆ ಹನ್ನೊಂದು ವರ್ಷದಲ್ಲಿ ಜುಂಜಕ್ಕ ಅವಳೊಂದಿಗೆ ಆಡಿದ್ದು ಒಂದೇ ಮಾತು, ಪ್ರತಿ ಹೆರಿಗೆಗೂ ಒಮ್ಮೆ. ತೊಳೆದ್ರಾ? ತೊಳೆದೆ. ಆಮೇಲೆ ಅವಳು ಬಗ್ಗಿ ಮುಟ್ಟಿ ನೋಡುತ್ತಿದ್ದಳು. ಒಂದು ಸಲವೂ ಬಾಯಿಮಾತಿಗೆ ಬಿಟ್ಟದ್ದಿಲ್ಲ.

ಕೊನೆಗೊಂದು ದಿನ ಜುಂಜಕ್ಕ ಕೇಳಿ, ಉತ್ತರ ಕೇಳಿಸಿಕೊಂಡು, ಮುಟ್ಟಿ ನೋಡದೆ ಹೋದಳು, ಅಂದು ನಾಗತಿ ದೊಣೆಯ ದಡದಲ್ಲಿ ಕೂತು ಅತ್ತಳು ಎಂದು ಹಟ್ಟಿಯಲ್ಲಿ ಕೆಲವರು ಕಥೆ ಮುಗಿಸುತ್ತಾರೆ. ಕೇಳಲು ಚೆನ್ನಾಗಿದೆ. ನನ್ನ ಅಜ್ಜಿ ಇದನ್ನು ಒಪ್ಪುತ್ತಿರಲಿಲ್ಲ. "ಕೊನೇ ತನಕ ಮುಟ್ಟಿ ನೋಡಿದ್ಲು. ನೋಡ್ದೆ ಇರೋಕೆ ಅವಳೇನು ದೇವ್ರಾ? ತಾಯಿ ಅವ್ಳು" ಎನ್ನುತ್ತಿದ್ದಳು. ನಾನೂ ಅಜ್ಜಿಯ ಕಡೆಯವನೇ. ನಾಗತಿ ಸತ್ತಮೇಲೆ ಮಲ್ಲಾಜಮ್ಮ ಕಲ್ಲುಕುಟಿಗನನ್ನು ಕರೆಸಿ, ತಾನು ಅಂದು ಮಲಗಿದ್ದ ಜಾಗದಲ್ಲಿ ತನ್ನ ಅಂಗಾಲುಗಳನ್ನೇ ಕೊರೆಸಿದಳು ಎನ್ನುತ್ತಾರೆ.

ಈಗ ಯಾರೂ ಆ ಗೆಡ್ಡೆಯನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಹೆರಿಗೆಗೆ ಆಂಬುಲೆನ್ಸ್ ಬರುತ್ತದೆ, ಆಸ್ಪತ್ರೆ ಇದೆ. ಆದರೂ ನಮ್ಮ ಹಟ್ಟಿಯವನೊಬ್ಬ ಹೆರಿಗೆ ವಾರ್ಡಿನ ಹೊರಗೆ ನಿಂತಿದ್ದರೆ, ನರ್ಸಮ್ಮ ಬಾಗಿಲು ತೆರೆದ ಕೂಡಲೇ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಕಾಲು ತೊಳೆದ್ರಾ ಎಂದು ಕೇಳುತ್ತಾನೆ. ಹೊಸ ನರ್ಸುಗಳು ನಗುತ್ತಾರೆ, ಹಳಬರು ತೊಳೆದ್ವಿ ಎನ್ನುತ್ತಾರೆ. ನನ್ನ ಮಗಳಿಗೆ ಆಪರೇಷನ್ ಆದಾಗ ನಾನೂ ಕೇಳಿದೆ, ಮೂವತ್ತೊಂದು ವರ್ಷ ಮಾತ್ರೆ ಎಣಿಸಿದವನು, ಎಲ್ಲ ಗೊತ್ತಿದ್ದವನು. ತೊಳೆದಿದ್ದೇವೆ ಹೋಗಿ ಸಾರ್ ಎಂದರು. ಒಳಗೆ ಹೋಗಿ ಹೊದಿಕೆ ಸರಿಸಿ ಅವಳ ಅಂಗಾಲು ಮುಟ್ಟಿ ನೋಡಿದ ಮೇಲೆಯೇ ಮೊಮ್ಮಗುವಿನ ಮುಖ ನೋಡಿದ್ದು.

ನೀವು ಬಂದರೆ ಶ್ರಾವಣದಲ್ಲಿ ಬನ್ನಿ, ಬೋರ್ಡು ಓದದೆ ಮೇಲೆ ಹತ್ತಿ. ಕಲ್ಲುಗುಪ್ಪೆಯ ಮೇಲೆ ಹೂ ಇರುತ್ತದೆ, ಕೀಳಬೇಡಿ. ಹೆರಿಗೆಯಾಗಿ ಮೂರು ತಿಂಗಳು ತುಂಬಿದವರು ಕೂಸು ಎತ್ತಿಕೊಂಡು, ಮನೆಯ ಹೆಂಗಸರೊಂದಿಗೆ ಬಂದಿರುತ್ತಾರೆ. ಪೂಜೆಯಿಲ್ಲ, ಕಾಯಿ ಒಡೆಯುವುದಿಲ್ಲ. ಅತ್ತೆಯಾದವಳು ಬೊಗಸೆಯಲ್ಲಿ ದೊಣೆಯ ನೀರೆತ್ತಿ ಬಂಡೆಯ ಮೇಲಿನ ಅಂಗಾಲುಗಳನ್ನು ತೊಳೆಯುತ್ತಾಳೆ. ತೊಳೆದ್ರಾ ಎಂದು ಸೊಸೆಯ ತಾಯಿ ಕೇಳುತ್ತಾಳೆ. ತೊಳೆದೆ ಎಂದು ಅತ್ತೆ ಹೇಳುತ್ತಾಳೆ. ಎಲ್ಲರ ಕಣ್ಣೆದುರಿಗೇ ತೊಳೆದಿರುತ್ತಾಳೆ, ಬಂಡೆಯಿಂದ ನೀರು ಇನ್ನೂ ಇಳಿಯುತ್ತಿರುತ್ತದೆ. ಆದರೂ ಕೇಳಿದವಳು ಮುಂದೆ ಬಂದು, ಬಗ್ಗಿ, ಬೆರಳಿಂದ ಮುಟ್ಟಿ ನೋಡುತ್ತಾಳೆ.